ಛಲೋ ಆಗ್ತದ ಅಂದರೆ ಸಾಕೇನ್ರಿ?

ಬೀದರ್ ಜಿಲ್ಲೆಯ ಚಿಂತಾಕಿ ಸೀಮೆಯ ರೈತನಿಗೆ ಆಶಾವಾದ ಕಲಿಸಲು ಹೊರಗಿನಿಂದ ಭಾಷಣಕಾರರು ಬರಬೇಕಿಲ್ಲ. ಮುಗಿಲು ನೋಡಿ ಬಿತ್ತುವ ನೆಲವಿದು. ರಾಶಿ ಹೊತ್ತಿಗೆ ಜಡಿಮಳೆ ಹಿಡಿದು ಹೆಸರುಕಾಳು ಕಾಯಿಯೊಳಗೇ ಮೊಳೆತು ಹಾಳಾದರೂ, ಮರುವರ್ಷ ಮೃಗದ ಮಳೆ ಬಿದ್ದರೆ ಅದೇ ಹೊಲಕ್ಕೆ ಕೂರಿಗೆ ಹೂಡುತ್ತಾನೆ. ‘ಈ ಸಲ ಛಲೋ ಆಗ್ತದ’ ಅನ್ನುತ್ತಾನೆ. ಈ ಮಾತಿನ ಬಲ ಇರದಿದ್ದರೆ ಔರಾದ್ ತಾಲೂಕಿನಲ್ಲಿ ಎಷ್ಟೋ ಹೊಲ ಬೀಳು ಬೀಳುತ್ತಿದ್ದವು. ಹೀಗಾಗಿ ಪಾಸಿಟಿವ್ ಥಿಂಕಿಂಗನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ನನ್ನ ತಕರಾರು ಅದನ್ನು ಈಗ ಬೋಧಿಸುತ್ತಿರುವ ರೀತಿಯ ಮೇಲೆ.

ಅನುಭವಸ್ಥ ರೈತ ಬಿತ್ತುವ ಮೊದಲು ಏನು ಮಾಡುತ್ತಾನೆ ನೋಡಿ. ಮನೆಯಲ್ಲಿಟ್ಟ ಸೋಯಾ ಬೀಜದಿಂದ ಆರಿಸದೆ ನೂರು ಕಾಳು ಎಣಿಸಿಕೊಳ್ಳುತ್ತಾನೆ. ತೊಯ್ದ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ, ನೆರಳಿಗೆ ಇಡುತ್ತಾನೆ. ಆಗಾಗ ನೀರು ಚಿಮುಕಿಸಿ ಕೆಲವು ದಿನ ಬಿಟ್ಟು ಬಿಚ್ಚಿದರೆ ಎಪ್ಪತ್ತಾದರೂ ಮೊಳೆತಿರಬೇಕು. ಪ್ರಮಾಣಿತ ಸೋಯಾ ಬೀಜಕ್ಕೆ ಗೊತ್ತುಮಾಡಿದ ಕನಿಷ್ಠ ಮಟ್ಟವೂ ಶೇ 70. ಸೋಯಾದ ಸಿಪ್ಪೆ ಬಲು ತೆಳು. ರಾಶಿ ಮಾಡುವಾಗ, ಚೀಲ ಎತ್ತಿ ಒಗೆಯುವಾಗ ಪೆಟ್ಟು ಬಿದ್ದರೆ ಮೊಳೆಯುವ ಶಕ್ತಿ ಹೋಗುತ್ತದೆ, ಮೇಲೆ ನೋಡಿದರೆ ಕಾಳು ಚೆಂದವೇ ಕಾಣುತ್ತದೆ. ಐವತ್ತೇ ಮೊಳೆತರೆ ಎಕರೆಗೆ ಬೀಜ ಹೆಚ್ಚು ಹಾಕಬೇಕು, ಇಲ್ಲವೇ ಬೇರೆ ತರಬೇಕು. ‘ಬೀಜ ಕೆಟ್ಟಿದ್ದರೆ?’ ಎಂಬ ಕೆಟ್ಟ ಯೋಚನೆ ಬಂದದ್ದಕ್ಕೇ ಅವನ ಬೆಳೆ ಉಳಿಯಿತು. ಭಾಷಣಕಾರರ ಪಟ್ಟಿಯಲ್ಲಿ ಇದು ‘ನೆಗೆಟಿವ್’ ಖಾತೆಗೆ ಬೀಳುತ್ತದೆ!

ಅಮೆರಿಕದ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ ಬರೆದ ಪುಸ್ತಕದಿಂದ ಈ ‘ಪಾಸಿಟಿವ್’ ಬೋಧನೆಗೆ ದೊಡ್ಡ ಮಾರುಕಟ್ಟೆ ಸಿಕ್ಕಿತು. ಗೆದ್ದಂತೆ ಕಲ್ಪಿಸಿಕೊಳ್ಳಿ, ಗೆಲ್ಲುತ್ತೀರಿ ಎಂಬುದು ಅದರ ತಿರುಳು. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಎಟಿಂಗನ್ ಇದನ್ನೇ ಪರೀಕ್ಷೆಗೆ ಒಡ್ಡಿದರು. 1991ರ ಅವರ ಅಧ್ಯಯನದಲ್ಲಿದ್ದವರು ತೂಕ ಇಳಿಸಲು ಬಂದ 25 ಮಹಿಳೆಯರು. ‘ನನ್ನಿಂದಾಗುತ್ತದೆ’ ಎಂದು ನಂಬಿದವರ ತೂಕ ಹೆಚ್ಚು ಇಳಿಯಿತು. ತೆಳ್ಳಗಾದ ತಮ್ಮನ್ನು ಕಲ್ಪಿಸಿಕೊಂಡು ಹಿಗ್ಗಿದವರದು ಕಡಿಮೆ. ಅಧ್ಯಯನ ಚಿಕ್ಕದು ನಿಜ, ಆದರೆ ನಂಬಿಕೆ ಬೇರೆ, ಹಗಲುಗನಸು ಬೇರೆ ಎಂಬುದನ್ನು ಅದು ಬಿಡಿಸಿ ತೋರಿಸಿತು. 2009ರಲ್ಲಿ ಕೆನಡಾದ ಜೋಆನ್ ವುಡ್ ಮತ್ತು ಸಂಗಡಿಗರು ಕಂಡದ್ದು ಇನ್ನೂ ಖಾರವಾಗಿದೆ. ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇರುವವರು ತಮ್ಮನ್ನು ಹೊಗಳಿಕೊಳ್ಳುವ ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಮತ್ತಷ್ಟು ಕುಗ್ಗಿತ್ತು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ನಿಲ್ಲಿಸಿ ಒಕ್ಕೊರಲಿನಿಂದ ‘ನಾನು ಗೆದ್ದೇ ಗೆಲ್ಲುವೆ’ ಎಂದು ಕೂಗಿಸುವವರು ಇದನ್ನು ಗಮನಿಸಬೇಕು. ಗಣಿತಕ್ಕೆ ಮಾಸ್ತರರೇ ಇಲ್ಲದ ಶಾಲೆಯಲ್ಲಿ ಹಾಗೆ ಕೂಗಿಸುವುದಂತೂ ಮೋಸ.

ಆಸೆ ಹೇಗಿರಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಮಾದರಿ ಇದೆ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಕನ್ನಡಕ್ಕೆ ಒಳ್ಳೆಯ ಕಾಲ ಬರುತ್ತದೆಂಬ ನಂಬಿಕೆ ಅವರಿಗಿತ್ತು, ಅಧಿಕಾರಿ ಬಾಗಿಲಿಗೆ ಬರುತ್ತಾನೆಂಬ ಎಚ್ಚರವೂ ಇತ್ತು. ಫಲಕ ಎಚ್ಚರದ್ದು, ಪಾಠ ನಂಬಿಕೆಯದು. 1956ರಲ್ಲಿ ಬೀದರ್ ಕನ್ನಡ ನಾಡಿಗೆ ಸೇರಿತು. 1999ರಲ್ಲಿ ತೀರಿಕೊಂಡ ಪಟ್ಟದ್ದೇವರು ಅದನ್ನು ಕಣ್ಣಾರೆ ಕಂಡರು. ಕಲ್ಯಾಣದ ಶರಣರೂ ಅಷ್ಟೇ, ನಂಬಿಕೆಯ ಜೊತೆಗೇ ತಮ್ಮ ಕೊರತೆಯನ್ನೂ ನೋಡಿಕೊಂಡವರು. ಬಸವಣ್ಣನ ಎಷ್ಟು ವಚನಗಳಲ್ಲಿ ತನ್ನನ್ನೇ ತಾನು ಹಳಿದುಕೊಳ್ಳುವ ದನಿ ಇಲ್ಲ! ಇಂದಿನ ತರಬೇತುದಾರರ ಕೈಗೆ ಸಿಕ್ಕಿದ್ದರೆ ಅವನಿಗೂ ‘ಮೈಂಡ್‌ಸೆಟ್ ಬದಲಿಸ್ಕೋರಿ’ ಎನ್ನುತ್ತಿದ್ದರೇನೋ.

ಯಾರು ಯಾರಿಗೆ ಹೇಳುತ್ತಾರೆ ಎಂಬುದೂ ಮುಖ್ಯ. ಬಿತ್ತುವವನು ತನಗೆ ತಾನೇ ‘ಛಲೋ ಆಗ್ತದ’ ಅಂದುಕೊಂಡರೆ ಅದು ಧೈರ್ಯ. ಅದೇ ಮಾತನ್ನು ಸಾಲ ಕೊಟ್ಟವನೋ ಕಚೇರಿಯವನೋ ಅವನಿಗೆ ಹೇಳಿದರೆ ‘ಬಾಯಿ ಮುಚ್ಚು’ ಎಂದಂತೆ. ಬೆಳೆ ವಿಮೆಯನ್ನೇ ನೋಡಿ. ಫಸಲ್ ಬಿಮಾ ಯೋಜನೆಯಲ್ಲಿ ಹೊಲಕ್ಕೆ ನೀರು ನುಗ್ಗಿ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ‘ನಾಳಿಗಿ ನೀರು ಇಳಿತದ ಬಿಡ್ರಿ’ ಎಂದು ಕೂತವನಿಗೆ ಆ ಮೂರು ದಿನ ಮತ್ತೆ ಸಿಗುವುದಿಲ್ಲ. ಅಂಥ ಹೊತ್ತಿನಲ್ಲಿ ಬೇಕಾದದ್ದು ಸಿಟ್ಟು, ಫೋಟೊ, ಅರ್ಜಿ.

ಇನ್ನು ಮನಸ್ಸೇ ಕಾಯಿಲೆ ಬಿದ್ದವರ ವಿಷಯ. ಊಟ ನಿದ್ದೆ ಬಿಟ್ಟು ಮೂಲೆ ಹಿಡಿದವರಿಗೆ ‘ಪಾಸಿಟಿವ್ ಇರ್ರಿ’ ಎನ್ನುವುದು ಮುರಿದ ಕಾಲಿನವನಿಗೆ ಓಡು ಎಂದಷ್ಟೇ ಕ್ರೂರ. ದುಗುಡ ಎರಡು ವಾರ ದಾಟಿದರೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಆಸ್ಪತ್ರೆಗೆ ಬರಲು ಅವರು ಹಿಂಜರಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರು 14416. ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.