ದಾಸ್ಯವಿಮೋಚನೆಯೂ ವೀರರಸವೂ

ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ ಎಂಬ ಚಲಚ್ಚಿತ್ರವು 2018ರ ಡಿಸೆಂಬರಿನಲ್ಲಿ ತೆರೆಗೆ ಬಂದುದು ಮೊದಲ್ಗೊಂಡು, ನಮ್ಮ ರಾಜಾಜಿನಗರ, ವಿಜಯನಗರಗಳ ತರುಣರಿಗೆ ಅದರ ಮಾತುಗಳು ಕಂಠಪಾಠವಾಗಿವೆ. ಹಿರಿಯರಲ್ಲಿ ಕೆಲವರು ಅದನ್ನು ಬರಿಯ ರಕ್ತಪಾತವೆಂದು ತಳ್ಳಿಹಾಕುವುದೂ ಉಂಟು. ಈ ಎರಡು ಪಕ್ಷಗಳನ್ನೂ ಬದಿಗಿರಿಸಿ, ದಾಸ್ಯವೆಂಬ ಘೋರವಾದ ವಸ್ತುವನ್ನು ಚಿತ್ರವು ಹೇಗೆ ನಿರ್ವಹಿಸಿದೆಯೆಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ನರಾಚಿ ಎಂಬುದೊಂದು ಕಲ್ಪಿತವಾದ ಚಿನ್ನದ ಗಣಿ. ಅಲ್ಲಿ ಸಾವಿರಾರು ಜನರು ಸೆರೆಯಾಳುಗಳಾಗಿ ದುಡಿಯುತ್ತಿರುವರು. ಅದರ ಒಡೆಯನಾದ ಗರುಡನನ್ನು ಕೊಲ್ಲುವುದಕ್ಕಾಗಿ ರಾಕಿ ಎಂಬವನು ಅವರಲ್ಲೊಬ್ಬನಾಗಿ ಒಳಹೊಗುತ್ತಾನೆ. ಕೋಲಾರದ ಸೈನೈಡ್ ದಿಬ್ಬಗಳ ಮೇಲೆ ಭುವನ್ ಗೌಡರು ಸೆರೆಹಿಡಿದಿರುವ ಧೂಳು, ಮಸಿ, ಬೆಂಕಿಗಳು ಭಯಾನಕವನ್ನು ಚೆನ್ನಾಗಿ ಪೋಷಿಸುತ್ತವೆ. ಕಣ್ಣು ಕಾಣದ ಕೂಲಿಯೊಬ್ಬನನ್ನು ಕೊಲ್ಲಹೊರಟ ಕಾವಲುಗಾರರನ್ನು ನಾಯಕನು ಸಂಹರಿಸುವಲ್ಲಿ, ಕರುಣವು ರೌದ್ರಕ್ಕೆ ತಿರುಗುವ ಕ್ರಮವು ಪ್ರಶಂಸನೀಯ. ಅನ್ಯಾಯವನ್ನು ಕಂಡು ಕ್ರುದ್ಧನಾಗದವನನ್ನು ಸಹೃದಯನೆಂದು ಹೇಗೆ ಕರೆಯೋಣ?

ಆದುದರಿಂದ ಹಿಂಸೆಯೇ ದೋಷವೆಂದು ನಾವು ಹೇಳತಕ್ಕದ್ದಿಲ್ಲ. ಮಹಾಭಾರತದಲ್ಲಿ ಭೀಮನು ದುಶ್ಶಾಸನನ ರಕ್ತವನ್ನು ಕುಡಿಯುವನಷ್ಟೆ? ಆದರೆ ಅದಕ್ಕೆ ಬಹು ಮೊದಲೇ, ತಾನು ದಾಸಿಯಾದೆನೋ ಇಲ್ಲವೋ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಿದವಳು ದ್ರೌಪದಿ; ವರವನ್ನು ಬೇಡಿ ಪತಿಗಳ ದಾಸ್ಯವನ್ನು ಬಿಡಿಸಿದವಳೂ ಅವಳೇ. ನರಾಚಿಯ ಜನರಿಗೆ ಅಂತಹ ಪ್ರಶ್ನೆಯನ್ನು ಕವಿಯು ಕೊಟ್ಟಿಲ್ಲ. ಅವರ ದುಃಖವು ನಾಯಕನ ಕ್ರೋಧಕ್ಕೆ ಉದ್ದೀಪನವಾಗಿ ಅಲ್ಲಿಗೇ ಮುಗಿಯುತ್ತದೆ. 2022ರಲ್ಲಿ ಬಂದ ಎರಡನೆಯ ಭಾಗದಲ್ಲಿ ಅವರಿಗೆ ಅನ್ನವೂ ಅಭಯವೂ ದೊರಕುವುದು ನಿಜ. ಆದರೂ ಅಗೆಯುವವರು ಅವರೇ. ಚಿನ್ನವು ಮಾತ್ರ ಹೊಸ ಒಡೆಯನದು. ಒಡೆಯನು ಬದಲಾದ ಮಾತ್ರಕ್ಕೆ ವಿಮೋಚನೆಯಾಯಿತೆನ್ನಬಹುದೆ?

ಚಿತ್ರಕ್ಕೆ ಹೆಸರನ್ನಿತ್ತ ಗಣಿಗಳ ಚರಿತ್ರೆಯನ್ನು ನೋಡೋಣ. 1880ರಲ್ಲಿ ಜಾನ್ ಟೇಲರ್ ಕಂಪೆನಿಯು ಕೈಯಿಟ್ಟು, 2001ರಲ್ಲಿ ಮುಚ್ಚಿಹೋದ ಆ ಗಣಿಗಳಲ್ಲಿ ದುಡಿದವರು ಬಹುಮಟ್ಟಿಗೆ ತಮಿಳು ಸೀಮೆಯಿಂದ ಬಂದ ದಲಿತರು. ಅವರು ಕೂಲಿಯಾಳುಗಳಾಗಿದ್ದರೇ ಹೊರತು ಕ್ರೀತದಾಸರಲ್ಲ. ಆದರೂ 1930ರಲ್ಲಿ ಬೆರಳಚ್ಚು ಕೊಡಬೇಕೆಂಬ ನಿಯಮವು ಬಂದಾಗ, ಸಾವಿರಾರು ಜನರು ಗಣಿಗಿಳಿಯದೆ ಮುಷ್ಕರ ಹೂಡಿದರು. ಅವರನ್ನು ಎಬ್ಬಿಸುವುದಕ್ಕೆ ಬೊಂಬಾಯಿಯಿಂದ ರಾಕಿಯೊಬ್ಬನು ಬರಬೇಕಾಗಲಿಲ್ಲ.

ಇಷ್ಟು ಸಾಮರ್ಥ್ಯವುಳ್ಳ ನಿರ್ದೇಶಕರು ಆ ಕೆಲಸಗಾರರನ್ನೇ ನಾಯಕರನ್ನಾಗಿ ಮಾಡಿ ಚಿತ್ರವೊಂದನ್ನು ರಚಿಸಿದರೆ, ವೀರರಸಕ್ಕೆ ಕೊರತೆಯಾಗದು. ಕನ್ನಡಕ್ಕೂ ಹೆಚ್ಚಿನ ಲಾಭವಾದೀತು.