ಜೀರ್ಣೋದ್ಧಾರಶಬ್ದದ ಅರ್ಥವಿಚಾರ

ಜೀರ್ಣೋದ್ಧಾರವೆಂಬ ಶಬ್ದವು ಇಂದು ನವನಿರ್ಮಾಣಕ್ಕೆ ಪರ್ಯಾಯವಾಗಿ ರೂಢವಾಗಿದೆ. ಶಿಥಿಲವಾದ ಕಲ್ಲುಗುಡಿಯ ಮೇಲೆ ಸಿಮೆಂಟಿನ ಗೋಪುರವನ್ನೆತ್ತಿ, ಭಿತ್ತಿಗೆ ಬಣ್ಣ ಬಳಿದು, ದಾತೃಗಳ ನಾಮಧೇಯವನ್ನು ಹಾಲುಗಲ್ಲಿನಲ್ಲಿ ಕೆತ್ತಿಸಿದರೆ (ಅಕ್ಷರಗಳು ದೊಡ್ಡವಾಗಿರಬೇಕು!) ಉದ್ಧಾರವಾಯಿತೆಂದು ಭಾವಿಸುವರು. ಇದು ಶಬ್ದಾರ್ಥಕ್ಕೂ ಶಾಸ್ತ್ರಕ್ಕೂ ವಿರುದ್ಧವಾದುದು. ಉದ್ಧಾರವೆಂದರೆ ಬಿದ್ದುದನ್ನು ಎತ್ತುವುದೇ ಹೊರತು ಬೇರೊಂದನ್ನು ತಂದಿಡುವುದಲ್ಲ. ಮಯಮತದ ಅನುಕರ್ಮವಿಧಾನಾಧ್ಯಾಯವು, ಲಕ್ಷಣಗಳು ಉಳಿದಿರುವ ಆಲಯವನ್ನು ಅದರದೇ ದ್ರವ್ಯದಿಂದ, ಅದರದೇ ಪ್ರಮಾಣದಲ್ಲಿ, ಮೊದಲಿಲ್ಲದುದನ್ನು ಸೇರಿಸದೆ ಸರಿಪಡಿಸತಕ್ಕದ್ದೆಂದು ವಿಧಿಸುತ್ತದೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯನ್ನು ನೋಡಬಹುದು. ಅಲ್ಲಿಯ 9ನೆಯ ಶತಮಾನದ ಕಲ್ಲೇಶ್ವರಾಲಯದ ಒಳಮಾಳಿಗೆಯಲ್ಲಿ ನರ್ತಿಸುವ ಶಿವನನ್ನು ಅಷ್ಟದಿಕ್ಪಾಲಕರು ಸುತ್ತುವರಿದಿರುವರು. ಆ ಚಪ್ಪಡಿಗಳನ್ನು ಕಳಚಿ ಅಜಾಗ್ರತೆಯಿಂದ ಮರಳಿ ಕೂಡಿಸಿದರೆ ಇಂದ್ರನು ಪಡುವಣಕ್ಕೆ ಹೋಗುವನು. ಅದೇ ಊರಿನ 13ನೆಯ ಶತಮಾನದ ಚೆನ್ನಕೇಶವಾಲಯವು ಶಿಲ್ಪಿ ಹೊನ್ನೋಜನ ಹೆಸರಿನೊಡನೆ ನಿಂತಿದೆ. ಬಳಪದ ಕಲ್ಲಿನ ಅಂತಹ ಸೂಕ್ಷ್ಮಕೆಲಸವು ಬಣ್ಣದ ಲೇಪದಲ್ಲಿ ಮುಚ್ಚಿಹೋದರೆ ಉಳಿಯುವುದು ಮೂರ್ತಿಯ ಮೊತ್ತವಷ್ಟೆ.

ಆದರೆ ಮಯಮತವು ತೆಂಕಣ ದ್ರಾವಿಡಸಂಪ್ರದಾಯದ ಗ್ರಂಥ. ಹೊಯ್ಸಳರ ಭಿತ್ತಿಗೆ ಅದನ್ನು ಅಕ್ಷರಶಃ ಹೊಂದಿಸಲಾಗದು. ಈ ತೊಡಕು ಚೀನದಲ್ಲಿಯೂ ಉಂಟಾಗಿತ್ತು. 1103ರಲ್ಲಿ ಮುದ್ರಿತವಾದ ಯಿಂಗ್‌ಝಾವೊ ಫಾಷಿ ಎಂಬ ವಾಸ್ತುಗ್ರಂಥದ ಪರಿಭಾಷೆ ಕಾಲಾಂತರದಲ್ಲಿ ದುರ್ಬೋಧವಾಗಿತ್ತು. ಲಿಯಾಂಗ್ ಸಿಚೆಂಗ್ ಎಂಬ ವಿದ್ವಾಂಸರು ಕೆಲಸಗಾರ ಬಡಗಿಗಳನ್ನು ಕೇಳಿ, ಹಳೆಯ ಮಂದಿರಗಳನ್ನು ಅಳೆದು ಅದಕ್ಕೆ ಅರ್ಥ ಹುಡುಕಿದರು. 857ರ ಫೊಗುವಾಂಗ್ ಮಂದಿರವನ್ನು 1937ರಲ್ಲಿ ಗುರುತಿಸಿದುದೂ ಇಂತಹ ಸಂಚಾರದಲ್ಲಿಯೇ. ನಮ್ಮಲ್ಲಿಯೂ ಪಂಡಿತನು ಗ್ರಂಥದೊಡನೆ, ಸ್ಥಪತಿಯು ಅಳತೆಗೋಲಿನೊಡನೆ ಅರಳಗುಪ್ಪೆಯ ಭಿತ್ತಿಯ ಮುಂದೆ ನಿಂತು, ಪ್ರಮಾಣವನ್ನು ಮೊದಲು ಆ ಕಲ್ಲಿನಿಂದಲೇ ತೆಗೆಯಬೇಕಾಗಿದೆ.