ಗೂಳೂರಿನ ಸಂಪಾದಕ, ತುಮಕೂರಿನ ಮೈಕು

ಕಳೆದ ವಾರ ಮಾತು ಕೊಟ್ಟಂತೆ ಈ ವಾರ ರೆಕಾರ್ಡಿಂಗ್ ಕೋಣೆಯ ಗದ್ದಲದ ವಿಚಾರ ಮುಗಿಯಬೇಕು. ಗದ್ದಲದ ಬಗ್ಗೆ ಹೇಳುವುದಾದರೂ ಎಷ್ಟಿದೆ? ತುಮಕೂರಿನಲ್ಲಿ ಪಾಡ್‌ಕಾಸ್ಟ್ ಮಾಡುವವರಿಗೆ ಸ್ಟುಡಿಯೋ ಎಂದರೆ ಮನೆಯ ಒಳಕೋಣೆ. ಫ್ಯಾನು ಆರಿಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಟ್ಟು, ಗೋಡೆಗೆ ಹಾಸಿಗೆ ಒರಗಿಸಿ ಕೂತರೆ ಮುಕ್ಕಾಲು ಕೆಲಸ ಆಯಿತು. ಬಿ.ಎಚ್. ರಸ್ತೆಯ ಬಸ್ಸುಗಳ ಹಾರ್ನ್ ತಡೆಯುವ ಸಾಧನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕೆ ಬೆಳಗಿನ ಜಾವವೇ ಮದ್ದು. ಯಾರೂ ಮಾತಾಡದ ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ಹಿಡಿದಿಟ್ಟುಕೊಂಡರೆ ಮುಂದೆ ಕತ್ತರಿ ಹಾಕಿದ ಜಾಗಗಳಿಗೆ ತೇಪೆ ಹಚ್ಚಬಹುದು. ಇಲ್ಲಿಗೆ ಗದ್ದಲದ ಅಧ್ಯಾಯ ಮುಗಿಯಿತು. ಉಳಿದದ್ದು ಮೈಕಿನ ಮುಂದೆ ಕೂರುವವರ ವಿಚಾರ.

ಅದನ್ನು ಗುಬ್ಬಿಯಿಂದಲೇ ಶುರುಮಾಡಬೇಕು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಹುಡುಗನಾಗಿ ಅದನ್ನು ಸೇರಿದ ಗುಬ್ಬಿ ವೀರಣ್ಣ (1891–1972) ಮುಂದೆ ಕಂಪನಿಯ ಯಜಮಾನರಾದರು, ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು. ಡೇರೆಯ ಕೊನೆಯ ಸಾಲಿನವನಿಗೂ ಮಾತು ಮುಟ್ಟಬೇಕು ಎಂಬುದು ಆ ಕಾಲದ ನಟರ ಮೊದಲ ಪಾಠ. ಅದರ ಗುಂಗು ಈ ಸೀಮೆಯಲ್ಲಿ ಇನ್ನೂ ಇಳಿದಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ರಿಹರ್ಸಲ್ ಮಾಡಿ, ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿ ‘ಕುರುಕ್ಷೇತ್ರ’ ಆಡುವ ಊರುಗಳು ಇಲ್ಲಿ ಬೇಕಾದಷ್ಟಿವೆ. ಗುಬ್ಬಿ ತಾಲ್ಲೂಕಿನ ಯಾವ ಹಳ್ಳಿಗೆ ಹೋದರೂ ಒಬ್ಬ ದುರ್ಯೋಧನ ಸಿಕ್ಕೇ ಸಿಗುತ್ತಾನೆ.

ಆ ದುರ್ಯೋಧನನನ್ನು ಪಾಡ್‌ಕಾಸ್ಟಿಗೆ ಕೂರಿಸಿ ನೋಡಬೇಕು. ಟೀ ಕುಡಿಯುವಾಗ ಅಡಿಕೆ ರೇಟು, ಬೋರ್‌ವೆಲ್ಲು, ಮಗಳ ಕಾಲೇಜು ಎಂದು ಎಷ್ಟು ಸೊಗಸಾಗಿ ಮಾತಾಡುತ್ತಿದ್ದ ಮನುಷ್ಯ! ‘ರೆಕಾರ್ಡಿಂಗ್ ಶುರು’ ಎಂದದ್ದೇ ತಡ, ಬೆನ್ನು ನೆಟ್ಟಗಾಗುತ್ತದೆ, ಎದೆ ಉಬ್ಬುತ್ತದೆ, ‘ಭ’ಕಾರ ‘ಧ’ಕಾರಗಳು ಗದೆ ಬೀಸಿದಂತೆ ಮೈಕಿಗೆ ಅಪ್ಪಳಿಸುತ್ತವೆ. ಮೀಟರಿನ ಮುಳ್ಳು ಕೆಂಪು ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಮೈಕನ್ನು ನಾಲ್ಕು ಬೆರಳಿನಿಂದ ಒಂದು ಗೇಣಿಗೆ ಸರಿಸಿ, ಬಾಯಿಗೆ ನೇರ ಹಿಡಿಯದೆ ಓರೆಯಾಗಿ ತಿರುಗಿಸಿದರೆ ಗಾಳಿಯ ಹೊಡೆತ ತಪ್ಪುತ್ತದೆ, ನಿಜ. ಆದರೆ ಧ್ವನಿಯೊಳಗಿನ ದುರ್ಯೋಧನ ಅಷ್ಟಕ್ಕೆಲ್ಲ ಇಳಿಯುವವನಲ್ಲ. ಅವನನ್ನು ಇಳಿಸಬೇಕಾದವರು ನಿರೂಪಕರು. ರೆಕಾರ್ಡ್ ಆಗುತ್ತದೆಂದು ಬಾಗಿಲಲ್ಲೇ ಹೇಳಿ ಒಪ್ಪಿಗೆ ಪಡೆದ ಮೇಲೆ, ‘ಈಗ ಶುರು’ ಎಂದು ಘೋಷಿಸುವ ಶಾಸ್ತ್ರವನ್ನೇ ಬಿಟ್ಟುಬಿಡಬೇಕು. ತಿಪಟೂರು ಮಾರುಕಟ್ಟೆಯ ಕೊಬ್ಬರಿ ಧಾರಣೆ ವಿಚಾರಿಸುತ್ತಾ ವಿಚಾರಿಸುತ್ತಾ ನಾಟಕದ ವಿಷಯಕ್ಕೆ ಬಂದರೆ ಗೊತ್ತೇ ಆಗದಂತೆ ಮಾತು ಹಳಿಗೆ ಬಿದ್ದಿರುತ್ತದೆ.

ಆಕಾಶವಾಣಿಯವರು ಈ ವಿದ್ಯೆಯನ್ನು ಪಾಡ್‌ಕಾಸ್ಟ್ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಕಲಿತಿದ್ದರು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದವರು. ಅಂದರೆ ಒಳಕೋಣೆಯ ಸ್ಟುಡಿಯೋ ನಮ್ಮಲ್ಲಿ ಹಳೆಯ ಸಂಪ್ರದಾಯವೇ! ಈಗ ತುಮಕೂರಿನಲ್ಲೇ ‘ರೇಡಿಯೋ ಸಿದ್ಧಾರ್ಥ’ 90.8 ಸಮುದಾಯ ಬಾನುಲಿ ಇದೆ. ಸಂಘ ಸಂಸ್ಥೆಗಳಿಗೂ ಬಾನುಲಿ ನಡೆಸಲು ಅವಕಾಶ ಕೊಟ್ಟ 2006ರ ನೀತಿಯ ಪ್ರಕಾರ ಇಂಥ ಕೇಂದ್ರಗಳಿಗೆ 100 ವ್ಯಾಟ್‌ಗಳ ಮಿತಿ. ಸ್ವಂತ ಸುದ್ದಿ ಓದುವಂತಿಲ್ಲ, ಜಾಹೀರಾತಿಗೂ ಗಂಟೆಗೆ ಇಷ್ಟೇ ನಿಮಿಷ ಎಂಬ ಲೆಕ್ಕ. ಅಷ್ಟು ಶಕ್ತಿಯ ಪ್ರಸಾರ ಹತ್ತು ಹದಿನೈದು ಕಿಲೋಮೀಟರಿಗೆ ಸುಸ್ತಾಗುತ್ತದೆ. ಕುಣಿಗಲ್ಲಿನವರಿಗೆ ಅದು ಕೇಳಿಸಬೇಕಾದರೆ ಅವರೇ ಬಸ್ಸು ಹತ್ತಿ ಈ ಕಡೆ ಬರಬೇಕು.

ಪಾಡ್‌ಕಾಸ್ಟಿಗೆ ಈ ಯಾವ ಕಟ್ಟೂ ಇಲ್ಲ. ತುಮಕೂರಿನ ಒಳಕೋಣೆಯಲ್ಲಿ ಆಡಿದ್ದು ಕುಣಿಗಲ್ಲಿಗೂ ಕೇಳುತ್ತದೆ, ಕ್ಯಾಲಿಫೋರ್ನಿಯಾಕ್ಕೂ ಕೇಳುತ್ತದೆ. ಕೇಡು ಶುರುವಾಗುವುದೂ ಅಲ್ಲಿಂದಲೇ. ಬಾನುಲಿಯಲ್ಲಿ ಗಡಿಯಾರವೇ ಸಂಪಾದಕ. ಹದಿನೈದು ನಿಮಿಷ ಅಂದರೆ ಹದಿನೈದು. ಇಲ್ಲಿ ಗಡಿಯಾರವನ್ನು ಗೋಡೆಯಿಂದ ಇಳಿಸಿದ್ದಾಗಿದೆ. ಆ ಸಂಪಾದಕನ ಕೆಲಸವನ್ನು ಯಾರಾದರೂ ವಹಿಸಿಕೊಳ್ಳಬೇಕಲ್ಲ?

ವಹಿಸಿಕೊಳ್ಳಲೊಲ್ಲದ ಒಂದು ಪಂಥವೇ ಈಚೆಗೆ ಬೆಳೆದಿದೆ. ಎರಡು ಮೆತ್ತನೆಯ ಕುರ್ಚಿ, ಹಿಂದೆ ನೇರಳೆ ದೀಪ, ಮುಖ ಮುಚ್ಚುವಷ್ಟು ದೊಡ್ಡ ಮೈಕು, ಮೂರು ಕ್ಯಾಮೆರಾ. ಮಾತು ಮೂರು ಗಂಟೆ, ಕತ್ತರಿ ಸೊನ್ನೆ. ಅದನ್ನು ಪ್ರಾಮಾಣಿಕತೆ ಎಂದು ಬೇರೆ ಕರೆಯುತ್ತಾರೆ. ಕೊನೆಗೆ ಮೂರು ಗಂಟೆಯಿಂದ ನಲವತ್ತು ಸೆಕೆಂಡು ಕಿತ್ತು, ಮೇಲೊಂದು ಕೆಂಪು ಶೀರ್ಷಿಕೆ ಹಾಕಿ ಹರಿಯಬಿಡುತ್ತಾರೆ. ಆ ನಲವತ್ತು ಸೆಕೆಂಡಿಗಾಗಿಯೇ ಪ್ರಶ್ನೆ ಕೇಳಿದ್ದೆಂದು ಅತಿಥಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕೇಳುವುದಕ್ಕೆಂದೇ ಮಾಡಿದ್ದಕ್ಕೂ ನೋಡುವುದಕ್ಕೆ ಮಾಡಿ ಕಣ್ಣು ಮುಚ್ಚಿ ಕೇಳಿ ಎನ್ನುವುದಕ್ಕೂ ಇರುವ ಅಂತರ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಚೆನ್ನಾಗಿ ಗೊತ್ತು. ಎಪ್ಪತ್ತು ಕಿಲೋಮೀಟರು ಬಾಗಿಲಲ್ಲಿ ಜೋತುಬಿದ್ದವರ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಡಬ್ಬಿ. ಅವರಿಗೆ ಬಿಡುವಿರುವುದು ಕಿವಿಗೆ ಮಾತ್ರ. ಕಿವಿಯನ್ನೇ ನಂಬಿ ನಡೆದ ಕನ್ನಡದ ಪಾಡ್‌ಕಾಸ್ಟುಗಳೂ ಉಂಟು. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರ ‘ತಲೆ-ಹರಟೆ’ಯನ್ನು ಕೇಳಿದವರಿಗೆ ಹರಟೆ ಎಂದರೆ ಬಾಯಿಗೆ ಬಂದದ್ದಲ್ಲ, ಹಿಂದೆ ತಯಾರಿ ಇರುತ್ತದೆ ಎಂಬುದು ತಿಳಿದಿದೆ.

ಆ ತಯಾರಿಗೂ ಕತ್ತರಿಗೂ ಮಾದರಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಕುಣಿಗಲ್ ರಸ್ತೆಯಲ್ಲಿ ತುಮಕೂರು ದಾಟುತ್ತಿದ್ದಂತೆ ಗೂಳೂರು. ಗೂಳೂರೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಊರಿನ ಆಳೆತ್ತರ ಮೀರಿದ ಮಣ್ಣಿನ ಗಣಪ. ಮೈಕಿನ ಮುಂದೆ ಕೂರುವವರು ಅಲ್ಲಿ ನೆನೆಯಬೇಕಾದ ಹೆಸರು ಇನ್ನೊಂದಿದೆ: ಗೂಳೂರು ಸಿದ್ಧವೀರಣ್ಣೊಡೆಯ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯವರು. ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ‘ಶೂನ್ಯಸಂಪಾದನೆ’ಯ ನಾಲ್ಕನೆಯ ಮತ್ತು ಹೆಚ್ಚು ಬಳಕೆಯಲ್ಲಿರುವ ರೂಪ ಇವರದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ ಸಂಪುಟಗಳಲ್ಲಿ ಹೊರತಂದ ಇಂಗ್ಲಿಷ್ ಅನುವಾದಕ್ಕೂ ಇದೇ ಪಾಠ. ಧರ್ಮಗ್ರಂಥವಾಗಿ ಅದನ್ನು ಓದುವವರು ಹಾಗೇ ಓದಲಿ. ಸಂದರ್ಶನದ ಕೈಪಿಡಿ ಎಂದು ಓದಿದರೆ ಕನ್ನಡದಲ್ಲಿ ಅದಕ್ಕೆ ಸಾಟಿ ಇನ್ನೊಂದಿಲ್ಲ.

ಅದರ ಕಸುಬನ್ನು ಗಮನಿಸಬೇಕು. 12ನೆಯ ಶತಮಾನದ ಶರಣರು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಡೆ ಆಡಿದ ವಚನಗಳು ಬಿಡಿಬಿಡಿಯಾಗಿದ್ದವು. ಕೆಲವು ನೂರು ವರ್ಷಗಳ ಮೇಲೆ ಶಿವಗಣಪ್ರಸಾದಿ ಮಹಾದೇವಯ್ಯನಿಗೆ ಅವುಗಳಲ್ಲಿ ಒಂದು ಮಾತುಕತೆ ಕೇಳಿಸಿತು. ಒಂದು ವಚನವನ್ನು ಪ್ರಶ್ನೆಯ ಜಾಗದಲ್ಲಿಟ್ಟ, ಇನ್ನೊಂದನ್ನು ಉತ್ತರದ ಜಾಗದಲ್ಲಿಟ್ಟ, ನಡುವೆ ಒಂದೆರಡು ಸಾಲು ಗದ್ಯದ ಬೆಸುಗೆ ಹಾಕಿದ. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಕೊನೆಗೆ ಗೂಳೂರಿನವರು ಅದನ್ನೇ ತಿದ್ದಿ ಬೆಳೆಸಿದರು. ಇಡೀ ಸಭೆಗೆ ನಿರೂಪಕ ಅಲ್ಲಮಪ್ರಭು.

ಅಕ್ಕಮಹಾದೇವಿ ಕಲ್ಯಾಣಕ್ಕೆ ಬರುವ ಪ್ರಸಂಗವನ್ನೇ ತೆಗೆದುಕೊಳ್ಳಿ. ಕೌಶಿಕನನ್ನೂ ಅರಮನೆಯನ್ನೂ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು, ಕೂದಲನ್ನೇ ಹೊದ್ದು ಬಂದ ಹೆಣ್ಣು. ಸಭೆ ತುಂಬ ಜನ. ಇಂದಿನ ನಿರೂಪಕರಾಗಿದ್ದರೆ ಮೊದಲ ಐದು ನಿಮಿಷ ಪರಿಚಯ, ಹೊಗಳಿಕೆ, ‘ನಿಮ್ಮ ಪಯಣ ಹೇಗಿತ್ತು’. ಅಲ್ಲಮನಿಗೆ ಅಷ್ಟು ಪುರುಸೊತ್ತಿಲ್ಲ. ಹರೆಯದವಳು ಇಲ್ಲಿಗೇಕೆ ಬಂದೆ, ನಿನ್ನ ಗಂಡನ ಕುರುಹು ಹೇಳು ಎಂದು ಬಾಗಿಲಲ್ಲೇ ತಡೆಯುತ್ತಾನೆ. ಅವಳು ಚನ್ನಮಲ್ಲಿಕಾರ್ಜುನನ ಹೆಸರು ಹೇಳುತ್ತಾಳೆ. ಮುಂದಿನ ಪ್ರಶ್ನೆ ಆ ಉತ್ತರದಿಂದಲೂ ಅವಳು ನಿಂತ ರೀತಿಯಿಂದಲೂ ಹುಟ್ಟುತ್ತದೆ: ಸೀರೆಯನ್ನೇ ಬಿಟ್ಟವಳಿಗೆ ಕೂದಲಿನ ಮರೆ ಯಾಕೆ? ಒಳಗಿನದು ಮಾಗದೆ ಹೊರಗಿನದು ಕಳಚದು, ಈ ಮರೆ ನೋಡುವವರಿಗೆ ನೋವಾಗದಿರಲೆಂದು ಎಂಬರ್ಥದಲ್ಲಿ ಅವಳ ಉತ್ತರ. ಯಾರಾದರೂ ಅಲ್ಲಿಗೆ ಚಪ್ಪಾಳೆ ತಟ್ಟಿ ನಿಲ್ಲಿಸುತ್ತಿದ್ದರು. ಅಲ್ಲಮ ನಿಲ್ಲಿಸುವುದಿಲ್ಲ. ಮತ್ತೆ ಕೆದಕುತ್ತಾನೆ, ಅವಳು ಮತ್ತೆ ಮೇಲೇರುತ್ತಾಳೆ. ಕೊನೆಗೆ ಕೇಳಿದವನೇ ತಲೆಬಾಗುತ್ತಾನೆ.

ಅಲ್ಲಮನಿಗೂ ಸ್ವಂತದ್ದೊಂದು ಕಥೆ ಇತ್ತು ಎಂಬುದನ್ನು ಇಲ್ಲಿ ಮರೆಯಬಾರದು. ಹರಿಹರನ ರಗಳೆ ಹೇಳುವಂತೆ ಕಮಲತೆಯನ್ನು ಪ್ರೀತಿಸಿ, ಅವಳು ತೀರಿಕೊಂಡ ಮೇಲೆ ಹುಚ್ಚನಂತೆ ಅಲೆದವನು ಅವನು. ಅಕ್ಕನ ಎದುರು ಅದರ ಸೊಲ್ಲೇ ಇಲ್ಲ. ‘ನನಗೂ ಹಾಗೇ ಆಗಿತ್ತು ನೋಡಿ’ ಎಂದು ಅತಿಥಿಯ ಮಾತಿನ ನಡುವೆ ತಮ್ಮ ಹತ್ತು ನಿಮಿಷ ತೂರಿಸುವ ನಿರೂಪಕರು ದಿನಕ್ಕೊಮ್ಮೆ ಈ ಪ್ರಸಂಗ ಓದಿಕೊಂಡರೆ ಕೇಳುಗರಿಗೆ ಬಹಳ ಉಪಕಾರ.

ಕೆಣಕುವ ಪಂಥದವರು ತಕ್ಷಣ ಅಲ್ಲಮನನ್ನು ತಮ್ಮ ಪಾಳಯಕ್ಕೆ ಎಳೆದುಕೊಳ್ಳಬಹುದು. ಅವರ ಬಳಿ ಸಾಕ್ಷಿಯೂ ಇದೆ. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತಿದ್ದ ಸಿದ್ಧರಾಮನನ್ನು ಅಲ್ಲಮ ‘ಒಡ್ಡ’ ಎಂದು ಹೀಯಾಳಿಸಿ ಕೂಗುತ್ತಾನೆ, ಕೆಲಸದವರು ರೇಗಿ ಕಲ್ಲು ತೂರುತ್ತಾರೆ, ಸಿದ್ಧರಾಮನೂ ಸಿಟ್ಟಿನಿಂದ ಬರುತ್ತಾನೆ. ನಲವತ್ತು ಸೆಕೆಂಡಿನ ತುಣುಕಿಗೆ ಇದಕ್ಕಿಂತ ಒಳ್ಳೆಯ ಸರಕು ಬೇಕೆ? ಆದರೆ ಸಂಪಾದನೆ ಅಲ್ಲಿಗೆ ಕತ್ತರಿಸುವುದಿಲ್ಲ. ಕಲ್ಲೇಟಿನ ಮೇಲೆ ಪುಟಗಟ್ಟಲೆ ಮಾತು ನಡೆಯುತ್ತದೆ, ಸಿದ್ಧರಾಮ ಬದಲಾಗುತ್ತಾನೆ, ಕೆಣಕಿದವನ ಜೊತೆಗೇ ಕಲ್ಯಾಣಕ್ಕೆ ಹೊರಡುತ್ತಾನೆ. ಆಯ್ದಕ್ಕಿ ಮಾರಯ್ಯನ ಭಾಗದಲ್ಲಂತೂ ಅಲ್ಲಮನ ಮಾತಿನಲ್ಲಿ ಮೈಮರೆತ ಮಾರಯ್ಯನಿಗೆ ಕಾಯಕ ನೆನಪಿಸಿ ಎಬ್ಬಿಸುವವಳು ಅವನ ಹೆಂಡತಿ ಲಕ್ಕಮ್ಮ. ಅವನು ಆತುರಕ್ಕೆ ಬಿದ್ದು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎನ್ನುವವಳೂ ಅವಳೇ. ನಿರೂಪಕ ಹಿಂದೆ ಸರಿದು ಜಾಗ ಬಿಟ್ಟದ್ದರಿಂದ ಲಕ್ಕಮ್ಮನಂಥ ದನಿ ಓದುಗರಿಗೆ ದಕ್ಕಿತು.

ಹಾಗೆಂದು ಕತ್ತರಿಯೆಲ್ಲ ಪವಿತ್ರ ಎಂದಲ್ಲ. ಶಿವಗಣಪ್ರಸಾದಿಯ ಮೊದಲ ಸಂಪಾದನೆಯಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾದ ಪ್ರಸಂಗ ಇಲ್ಲ. ಆಮೇಲಿನವರು ಅದನ್ನು ತಂದು ಸೇರಿಸಿದರು. ಗೂಳೂರಿನ ಪಾಠದಲ್ಲೂ ಅದು ಉಂಟು. ಅವೇ ವಚನಗಳು, ಅದೇ ಸಿದ್ಧರಾಮ, ಜೋಡಣೆ ಬದಲಾದದ್ದಕ್ಕೆ ಮನುಷ್ಯನ ಕಥೆಯೇ ಬೇರೆಯಾಯಿತು. ವಿದ್ವಾಂಸರು ಇವತ್ತು ಅದನ್ನು ಗುರುತಿಸಿ ವಾದ ಮಾಡಲು ಸಾಧ್ಯವಾಗಿರುವುದು ಹಳೆಯ ಪಾಠವನ್ನು ಯಾರೂ ಸುಟ್ಟುಹಾಕಲಿಲ್ಲವಾದ್ದರಿಂದ, ನಾಲ್ಕೂ ಓಲೆಗರಿಯಲ್ಲಿ ಉಳಿದು ಬಂದದ್ದರಿಂದ. ಮೂರು ಗಂಟೆ ಮಾತನ್ನು ನಲವತ್ತು ನಿಮಿಷಕ್ಕೆ ಇಳಿಸಿದ ಮೇಲೆ ಜಾಗ ಉಳಿಸಲೆಂದು ಮೂಲ ಫೈಲನ್ನು ಅಳಿಸುವವರು ತುಮಕೂರಿನಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಸಾವಿರ ಗಂಟೆಗೂ ಮಿಕ್ಕಿದ ಕಚ್ಚಾ ಧ್ವನಿ ಹಿಡಿಯುತ್ತದೆ. ಮೇಲೆ ತಾರೀಕು, ಊರು, ಅತಿಥಿಯ ಹೆಸರು ಬರೆದು ಕಪಾಟಿನಲ್ಲಿಡಲು ಒಂದು ಅಂಟುಚೀಟಿ ಸಾಕು.